ಮೆಕ್ಕೆಜೋಳದ ಸಾಲಿನ ಕೊನೆಗೂ ನೀರು ತಲುಪಿಸಿದ ಬಗೆ

ದಾವಣಗೆರೆ ಸೀಮೆಯ ನಮ್ಮ ಕೆಂಪು ಮಣ್ಣಿನ ಹೊಲದಲ್ಲಿ ಬೇಸಿಗೆ ಮೆಕ್ಕೆಜೋಳಕ್ಕೆ ಕೊಳವೆಬಾವಿಯ ನೀರನ್ನು ಸಾಲುಗಳಲ್ಲಿ ಹರಿಸುತ್ತಿದ್ದಾಗ, ಕಾಲುವೆಯ ಪಕ್ಕದ ಗಿಡಗಳು ಅತಿ ನೀರಿನಿಂದ ಹಳದಿಯಾಗುತ್ತಿದ್ದವು. 100 ಮೀಟರ್ ಆಚೆ, ಸಾಲಿನ ಕೊನೆಯ ಗಿಡಗಳ ಎಲೆಗಳು ಮಧ್ಯಾಹ್ನದ ಹೊತ್ತಿಗೆ ಸುರುಳಿ ಸುತ್ತಿಕೊಳ್ಳುತ್ತಿದ್ದವು. ನೀರು ಸಾಲದೆಂದು ಭಾವಿಸಿ ಮೋಟಾರನ್ನು ಇನ್ನೂ ಹೆಚ್ಚು ಹೊತ್ತು ಓಡಿಸಿದೆ. ತೊಂದರೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ನೀರು ಕೊಟ್ಟ ಮರುದಿನ ಕಬ್ಬಿಣದ ಸಲಾಕೆಯನ್ನು ಸಾಲಿನುದ್ದಕ್ಕೂ ಚುಚ್ಚಿ ನೋಡಿದೆ. ಆರಂಭದಲ್ಲಿ ಅದು ಮೊಳದುದ್ದ ಸಲೀಸಾಗಿ ಇಳಿಯಿತು. ಕೊನೆಯಲ್ಲಿ ನಾಲ್ಕು ಬೆರಳಿಗೇ ಒಣನೆಲಕ್ಕೆ ತಾಗಿ ನಿಂತಿತು. ಕೆಂಪು ಮಣ್ಣು ನೀರನ್ನು ಬೇಗ ಕುಡಿಯುವುದರಿಂದ, ಹತ್ತು ಸಾಲುಗಳಿಗೆ ಹಂಚಿ ಸಣ್ಣದಾಗಿದ್ದ ಹರಿವು ಮುಂದೆ ಸಾಗುವ ಮೊದಲೇ ಬೇರಿಗೆ ಎಟುಕದ ಆಳಕ್ಕೆ ಇಂಗಿಹೋಗುತ್ತಿತ್ತು.

ಹೊಲದ ನಡುವೆ ಅಡ್ಡಗಾಲುವೆ ತೆಗೆದು ಸಾಲಿನ ಉದ್ದವನ್ನು 50 ಮೀಟರಿಗೆ ಇಳಿಸಿದೆ. ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮಟ್ಟ ನೋಡಿ, ಆ ಉದ್ದಕ್ಕೆ ಸುಮಾರು 15 ಸೆಂಟಿಮೀಟರ್ ಇಳಿಜಾರು ಬರುವಂತೆ ಸಾಲುಗಳನ್ನು ಸರಿಪಡಿಸಿದೆ. ಒಮ್ಮೆಗೆ ನಾಲ್ಕೇ ಸಾಲುಗಳಿಗೆ ನೀರು ಬಿಟ್ಟು, ಅದು ಕೊನೆ ಮುಟ್ಟಿದ ಕೂಡಲೇ ಸಾಲಿನ ಬಾಯಿಗೆ ಮಣ್ಣೆಳೆದು ಹರಿವನ್ನು ಅರ್ಧಕ್ಕೆ ತಗ್ಗಿಸಿ, ಉಳಿದ ಅರ್ಧವನ್ನು ಮುಂದಿನ ಸಾಲುಗಳಿಗೆ ತಿರುಗಿಸಿದೆ. ನನ್ನ ಅನುಭವದಲ್ಲಿ ಹೆಚ್ಚು ಫಲ ಕೊಟ್ಟದ್ದು ಈ ಕೊನೆಯ ಕೆಲಸವೇ. ಆದರೆ ಅದಕ್ಕೆ ಸಲಿಕೆ ಹಿಡಿದು ಹೊಲದಲ್ಲಿಯೇ ನಿಲ್ಲಬೇಕು.

ಎರೆ (ಕಪ್ಪು ಮಣ್ಣಿನ) ಭೂಮಿಯಲ್ಲಿ ನೀರು ಪಕ್ಕಕ್ಕೂ ಚೆನ್ನಾಗಿ ಹರಡುವುದರಿಂದ ಸಾಲು ಬಿಟ್ಟು ಸಾಲಿಗೆ ನೀರು ಕೊಡಬಹುದು. ನಮ್ಮ ಮಣ್ಣಿನಲ್ಲಿ ಅದನ್ನು ಎಳೆಯ ಬೆಳೆಗೆ ನಾನು ಮಾಡುವುದಿಲ್ಲ; ಸೂಲಂಗಿ (ಗಿಡದ ತುದಿಯ ಗಂಡು ಹೂಗೊಂಚಲು) ಬರುವ ಹೊತ್ತಿನಲ್ಲಂತೂ ಒಂದು ಸಾಲನ್ನೂ ಒಣಗಲು ಬಿಡುವುದಿಲ್ಲ. ಈಗ ಸಲಾಕೆ ಎರಡೂ ತುದಿಗಳಲ್ಲಿ ಹೆಚ್ಚುಕಡಿಮೆ ಒಂದೇ ಆಳಕ್ಕೆ ಇಳಿಯುತ್ತದೆ.