ಸರ್ಕಾರಿ ಮನೆಗೆ ಅರ್ಜಿ: ಮೊದಲು ಹೆಸರು ಹೊಂದಿಸಿಕೊಳ್ಳಿ

ಹಳೇ ಹುಬ್ಬಳ್ಳಿಯ ಚಾಳವೊಂದರಲ್ಲಿ ಬಾಡಿಗೆಗಿರುವ, ಹೂ ಮಾರಿ ಬದುಕುವ ಹೆಣ್ಣುಮಗಳೊಬ್ಬರು ಹೋದ ಶ್ರಾವಣದಲ್ಲಿ ನಮ್ಮ ಮನೆಗೆ ಬಂದರು. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ನನ್ನ ಮುಂದೆ ಸುರಿದು, “ಅಣ್ಣಾ, ಮೂರು ಸಲ ಅರ್ಜಿ ಕೊಟ್ಟೆ. ಯಾದಿಯಲ್ಲಿ ನನ್ನ ಹೆಸರು ಬರುವುದೇ ಇಲ್ಲ” ಎಂದರು. ಕಾಗದಗಳನ್ನು ನೆಲದ ಮೇಲೆ ಹರಡಿದೆ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಆದಾಯ ಪ್ರಮಾಣಪತ್ರ, ಮತದಾರರ ಚೀಟಿ. ಐದು ಕಾಗದಗಳಲ್ಲಿ ಐದು ಹೆಸರುಗಳಿದ್ದವು. ಯಾದಿಯಲ್ಲಿ ಬರಬೇಕಾದದ್ದು ಅವುಗಳಲ್ಲಿ ಯಾವ ಹೆಸರು?

ಓಣಿಯವರ ಅರ್ಜಿಗಳನ್ನು ಬಹಳ ವರ್ಷಗಳಿಂದ ತುಂಬಿಕೊಡುತ್ತಿದ್ದೇನೆ. ಅರ್ಹತೆ ಇಲ್ಲದೆ ಬಿದ್ದುಹೋದ ಅರ್ಜಿಗಳಿಗಿಂತ ಹೆಸರು ಹೊಂದದೆ ಬಿದ್ದುಹೋದ ಅರ್ಜಿಗಳನ್ನೇ ಹೆಚ್ಚು ಕಂಡಿದ್ದೇನೆ. ಆದ್ದರಿಂದ ಈ ಲೇಖನದಲ್ಲಿ ಹೆಚ್ಚಿನ ಜಾಗ ಅದಕ್ಕೇ ಹೋಗುತ್ತದೆ.

ಹಂತ 1: ಯಾವ ಬಾಗಿಲು ತಟ್ಟಬೇಕು?

ಬಾಡಿಗೆ ಕಟ್ಟಲು ಸರ್ಕಾರ ತಿಂಗಳು ತಿಂಗಳು ಹಣ ಕೊಡುತ್ತದೆಯೇ ಎಂದು ಕೇಳಿಕೊಂಡು ಬರುವವರಿದ್ದಾರೆ. ಅಂಥ ನೆರವನ್ನು ನಂಬಿ ಯಾರಿಗೂ ದುಡ್ಡು ಕೊಡಬೇಡಿ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ‘ಕೈಗೆಟುಕುವ ಬಾಡಿಗೆ ಮನೆ’ ಎಂಬ ವಿಭಾಗವಿದೆ. ದುಡಿಯುವ ಮಹಿಳೆಯರು, ವಲಸೆ ಕಾರ್ಮಿಕರು, ವಿದ್ಯಾರ್ಥಿಗಳಂಥವರಿಗಾಗಿ. ಅಲ್ಲಿಯೂ ಸಿಗುವುದು ಕಡಿಮೆ ಬಾಡಿಗೆಯ ಮನೆ, ಬಾಡಿಗೆಯ ಹಣವಲ್ಲ. ಬಾಡಿಗೆದಾರರ ಹೊರೆಯನ್ನು ಇಂದೇ ಇಳಿಸುವಂಥದ್ದು ಗೃಹಜ್ಯೋತಿ. ಬಾಡಿಗೆದಾರರಿಗೂ ಅದು ಸಿಗುತ್ತದೆ. ಮನೆ ಬದಲಿಸುವಾಗ ಹಳೆಯ ಮೀಟರಿಗೆ ಜೋಡಿಸಿದ್ದ ಆಧಾರನ್ನು ಬಿಡಿಸಿ, ಹೊಸ ಮನೆಯ ಹೆಸ್ಕಾಂ ಬಿಲ್ಲಿನಲ್ಲಿರುವ ಸಂಖ್ಯೆಗೆ ಜೋಡಿಸಬೇಕು. ಇದನ್ನು ಮರೆತು ತಿಂಗಳುಗಟ್ಟಲೆ ಪೂರ್ತಿ ಬಿಲ್ಲು ಕಟ್ಟಿದವರನ್ನು ನೋಡಿದ್ದೇನೆ.

ಸ್ವಂತ ಮನೆಗೆ ಮುಖ್ಯ ಪ್ರಶ್ನೆ ಒಂದೇ: ನಿಮ್ಮ ಹೆಸರಿನಲ್ಲಿ ಜಾಗ ಇದೆಯೇ, ಇಲ್ಲವೇ?

ನಗರದಲ್ಲಿ ಜಾಗ ಇದ್ದರೆ ಕಟ್ಟಿಕೊಳ್ಳಲು ಸಹಾಯಧನ ಸಿಗುತ್ತದೆ. ಆವಾಸ್ 2.0ರಲ್ಲಿ ಕೇಂದ್ರದ ಪಾಲು 1.5 ಲಕ್ಷ ರೂಪಾಯಿ, ರಾಜ್ಯದ ಪಾಲು ಕನಿಷ್ಠ 1 ಲಕ್ಷ. ರಾಜೀವ್ ಗಾಂಧಿ ವಸತಿ ನಿಗಮದ ವಾಜಪೇಯಿ ನಗರ ವಸತಿ ಯೋಜನೆಯೂ ಜಾಗವುಳ್ಳವರಿಗೇ. ಜಾಗ ಇಲ್ಲದಿದ್ದರೆ ನೀವು ಕೇಳಬೇಕಾದದ್ದು ಕಟ್ಟಿದ ಮನೆ, ಅಂದರೆ ಬಹುಮಹಡಿ ಗುಂಪು ಮನೆಗಳಲ್ಲಿ ಒಂದು. ಅದಕ್ಕೆ ಫಲಾನುಭವಿಯ ವಂತಿಗೆ ಕಟ್ಟಬೇಕಾಗುತ್ತದೆ. ಘೋಷಿತ ಕೊಳಗೇರಿಯಲ್ಲಿದ್ದರೆ ಕೊಳಗೇರಿ ಅಭಿವೃದ್ಧಿ ಮಂಡಳಿಯನ್ನು ಮೊದಲು ವಿಚಾರಿಸಿ. ಉಳಿದವರು ಮಹಾನಗರ ಪಾಲಿಕೆಯ ವಲಯ ಕಚೇರಿಯನ್ನು.

ಕುಂದಗೋಳ, ನವಲಗುಂದ, ಶಿರಹಟ್ಟಿ, ಸವಣೂರು ಕಡೆಯಿಂದ ಹುಬ್ಬಳ್ಳಿಗೆ ದುಡಿಯಲು ಬಂದವರಿಗೆ ನನ್ನ ಸಲಹೆ: ಊರಿನಲ್ಲಿ ನಿಮ್ಮ ಹೆಸರಿನ ಜಾಗವಿದ್ದು, ರೇಷನ್ ಕಾರ್ಡೂ ಅಲ್ಲಿಯದೇ ಆಗಿದ್ದರೆ, ಗ್ರಾಮ ಪಂಚಾಯಿತಿಯಲ್ಲೇ ಬಸವ ವಸತಿ ಯೋಜನೆಗೋ, ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ಅಂಬೇಡ್ಕರ್ ನಿವಾಸ ಯೋಜನೆಗೋ ಕೇಳಿ. ಎರಡೂ ಕಡೆ ಅರ್ಜಿ ಹಾಕಿದರೆ ಎರಡೂ ಕಡೆ ಸಿಕ್ಕಿಬೀಳುತ್ತೀರಿ. ಆಧಾರ್ ಸಂಖ್ಯೆ ಒಂದೇ ಇರುತ್ತದೆ.

ಆವಾಸ್ 2.0ರಲ್ಲಿ ಆರ್ಥಿಕವಾಗಿ ದುರ್ಬಲರು ಎಂದರೆ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವುಳ್ಳ ಕುಟುಂಬ. ದೇಶದಲ್ಲಿ ಎಲ್ಲಿಯೂ ಕುಟುಂಬದ ಹೆಸರಿನಲ್ಲಿ ಪಕ್ಕಾ ಮನೆ ಇರಬಾರದು, ಕಳೆದ 20 ವರ್ಷಗಳಲ್ಲಿ ಸರ್ಕಾರಿ ವಸತಿ ಯೋಜನೆಯ ಲಾಭ ಪಡೆದಿರಬಾರದು. ಇಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಅಪ್ಪನ ಹೆಸರಿನಲ್ಲಿ ಮನೆ ಇದೆ ಎಂದು ಮದುವೆಯಾಗಿ ಬೇರೆ ಬಾಡಿಗೆಗಿರುವ ಮಗ ಹಿಂಜರಿಯಬೇಕಾಗಿಲ್ಲ. ಅರ್ಜಿಯನ್ನು ಮನೆಯ ಹೆಣ್ಣುಮಗಳ ಹೆಸರಿನಲ್ಲೇ ಹಾಕಿ. ಯೋಜನೆಯೂ ಅದನ್ನೇ ಬಯಸುತ್ತದೆ, ನಾನಂತೂ ಗಂಡಸಿನ ಹೆಸರಿನಲ್ಲಿ ತುಂಬಿಕೊಡುವುದೇ ಇಲ್ಲ.

ಹಂತ 2: ಕಾಗದಗಳು

ಮನೆಯವರೆಲ್ಲರ ಆಧಾರ್, ರೇಷನ್ ಕಾರ್ಡ್, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಾಸ್‌ಬುಕ್, ಜಾಗವಿದ್ದರೆ ಅದರ ಉತಾರ, ಅಂದರೆ ಜಾಗ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ದಾಖಲೆ. ವಿಧವೆಯರು, ಅಂಗವಿಕಲರು, ಹಿರಿಯರಿಗೆ ಆದ್ಯತೆ ಇದೆ. ಬೀದಿ ವ್ಯಾಪಾರಿಗಳು, ಕಟ್ಟಡ ಕಾರ್ಮಿಕರು, ಪೌರಕಾರ್ಮಿಕರು, ಅಂಗನವಾಡಿ ಕಾರ್ಯಕರ್ತೆಯರ ಕಡೆ ವಿಶೇಷ ಗಮನವಿದೆ. ಆ ಕಾರ್ಡುಗಳನ್ನೂ ಹಚ್ಚಿ. ಬೀದಿ ವ್ಯಾಪಾರಿಯ ಗುರುತಿನ ಚೀಟಿಯನ್ನು ಗಾಡಿಯ ಗಲ್ಲೆಯಲ್ಲಿಟ್ಟು ಅರ್ಜಿಗೆ ಹಚ್ಚದೆ ಬಿಟ್ಟವರು ಎಷ್ಟೋ ಮಂದಿ.

ಉತಾರ ಅಜ್ಜನ ಹೆಸರಿನಲ್ಲೇ ಇದ್ದರೆ ಈಗಲೇ ವಾರಸಾ, ಅಂದರೆ ವಾರಸುದಾರರ ಹೆಸರಿಗೆ ಬದಲಾವಣೆ, ಮಾಡಿಸಲು ಕೊಡಿ. ಅದಾಗದೆ ಜಾಗದ ಮೇಲಿನ ಅರ್ಜಿ ಮುಂದೆ ಹೋಗದು.

ಹಂತ 3: ಹೆಸರು

ಒಂದು ನೋಟ್‌ಬುಕ್ ತೆಗೆದುಕೊಂಡು ಅಡ್ಡ ಹಾಳೆಯಲ್ಲಿ ಐದು ಗೆರೆ ಎಳೆಯಿರಿ. ಒಂದೊಂದು ಅಂಕಣದ ಮೇಲೆ ಒಂದೊಂದು ಕಾಗದದ ಹೆಸರು ಬರೆಯಿರಿ. ಕೆಳಗೆ, ಆ ಕಾಗದದಲ್ಲಿ ನಿಮ್ಮ ಹೆಸರು ಹೇಗಿದೆಯೋ ಹಾಗೆಯೇ ಇಳಿಸಿ: ಮೊದಲು ಕನ್ನಡದಲ್ಲಿ, ಅದರ ಕೆಳಗೆ ಇಂಗ್ಲಿಷಿನಲ್ಲಿ. ನೆನಪಿನಿಂದ ಬರೆಯಬೇಡಿ. ಬೆರಳಿಟ್ಟು ಒಂದೊಂದೇ ಅಕ್ಷರ ನೋಡಿ ಬರೆಯಿರಿ. ಗಂಡನ ಅಥವಾ ತಂದೆಯ ಹೆಸರು, ಅಡ್ಡಹೆಸರು, ಹುಟ್ಟಿದ ದಿನಾಂಕಗಳನ್ನೂ ಹೀಗೆಯೇ.

ನಮ್ಮ ಭಾಗದ ಹೆಸರುಗಳು ಎಡವುವುದು ನಾಲ್ಕು ಕಡೆ. ಒಂದು, ‘ಅವ್ವ’ ಮತ್ತು ‘ಬಾಯಿ’. ಶಾಂತವ್ವ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಶಾಲೆಯ ದಾಖಲೆಯಲ್ಲಿ ಶಾಂತಾ, ರೇಷನ್ ಕಾರ್ಡಿನಲ್ಲಿ ಶಾಂತವ್ವ, ಬ್ಯಾಂಕಿನಲ್ಲಿ ಶಾಂತಾಬಾಯಿ. ಓಣಿಗೆ ಮೂವರೂ ಒಬ್ಬರೇ, ಕಂಪ್ಯೂಟರಿಗೆ ಮೂವರು ಬೇರೆ ಬೇರೆ ಹೆಂಗಸರು. ಎರಡು, ಇಂಗ್ಲಿಷ್ ಅಕ್ಷರ. ‘ವ್ವ’ ಬರೆಯಲು ಒಂದು ಕಡೆ ಎರಡು ‘ವಿ’, ಇನ್ನೊಂದು ಕಡೆ ಒಂದೇ ‘ವಿ’, ಮತ್ತೊಂದು ಕಡೆ ‘ಡಬ್ಲ್ಯು’. ಮೂರು, ಅಡ್ಡಹೆಸರಿನ ಜಾಗ. ನಾವು ಹೆಸರು, ಗಂಡನ ಹೆಸರು, ಅಡ್ಡಹೆಸರು ಎಂಬ ಕ್ರಮದಲ್ಲಿ ಬರೆಯುತ್ತೇವೆ. ಬೇರೆಡೆ ತುಂಬಿದವರು ಗಂಡನ ಹೆಸರನ್ನು ಬರೀ ಇನಿಷಿಯಲ್ ಮಾಡಿ ಮುಂದೆ ಹಾಕಿರುತ್ತಾರೆ. ನಾಲ್ಕು, ತವರಿನ ಅಡ್ಡಹೆಸರು. ಮದುವೆಗೆ ಮುಂಚೆ ತೆಗೆಸಿದ ಖಾತೆ ತವರಿನ ಹೆಸರಿನಲ್ಲಿ, ಮದುವೆಯ ನಂತರದ ರೇಷನ್ ಕಾರ್ಡ್ ಗಂಡನ ಮನೆಯ ಹೆಸರಿನಲ್ಲಿ ಇರುತ್ತದೆ.

ಪಟ್ಟಿ ಆಯಿತೇ? ಈಗ ಯಾವ ಕಾಗದವನ್ನು ಮೂಲವಾಗಿ ಹಿಡಿಯುವುದು ಎಂದು ನಿರ್ಧರಿಸಿ. ನಾನು ಆಧಾರನ್ನೇ ಹಿಡಿಯುತ್ತೇನೆ. ಕಾರಣ ಸರಳ: ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ತಿದ್ದಿಸಬಹುದು. ಅವಸರದಲ್ಲಿ ತಿದ್ದಿಸಿ ಮತ್ತೆ ತಪ್ಪಾದರೆ ಉಳಿಯುವುದು ಒಂದೇ ಅವಕಾಶ. ಆಧಾರ್‌ನಲ್ಲಿರುವ ಹೆಸರು ಅರ್ಥವಾಗುವಂತಿದ್ದರೆ, ಒಂದು ಅಕ್ಷರ ಹೆಚ್ಚು ಕಡಿಮೆ ಇದ್ದರೂ, ಅದನ್ನು ಮುಟ್ಟಬೇಡಿ. ಉಳಿದ ನಾಲ್ಕನ್ನು ಅದರ ಹಾಗೆ ಮಾಡಿಸಿ. ಜಾಗದ ಉತಾರ ನಿಮ್ಮದೇ ಹೆಸರಿನಲ್ಲಿದ್ದು, ಅದರಲ್ಲಿ ಹೆಸರು ಪೂರ್ತಿ ಬೇರೆ ಇದ್ದರೆ ಮಾತ್ರ ಆಧಾರನ್ನು ಬದಲಿಸುವ ಯೋಚನೆ ಮಾಡಿ.

ತಿದ್ದಿಸುವ ಕ್ರಮವೂ ಮುಖ್ಯ. ಮೊದಲು ಬ್ಯಾಂಕ್, ಆಧಾರ್ ಪ್ರತಿ ಕೊಟ್ಟರೆ ಬೇಗ ಆಗುತ್ತದೆ. ಆಮೇಲೆ ರೇಷನ್ ಕಾರ್ಡ್. ಅದರ ತಿದ್ದುಪಡಿಗೆ ಆಗಾಗ ಮಾತ್ರ ಅವಕಾಶ ತೆರೆಯುತ್ತದೆ. ಆದ್ದರಿಂದ ಕರ್ನಾಟಕ ಒನ್ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ವಾರಕ್ಕೊಮ್ಮೆ ಕೇಳುತ್ತಿರಿ. ಆದಾಯ ಪ್ರಮಾಣಪತ್ರ ಕೊನೆಗೆ. ಹಳೆಯದು ತಪ್ಪಿದ್ದರೆ ತಿದ್ದಿಸುವ ಗೋಜಿಗೆ ಹೋಗದೆ ಹೊಸದನ್ನೇ ತೆಗೆಸಿ. ಅದರ ಮೇಲಿನ ಆರ್‌ಡಿ ಸಂಖ್ಯೆ ಹಾಕಿದ ಕೂಡಲೇ ನಾಡಕಚೇರಿಯ ದಾಖಲೆಯಲ್ಲಿರುವ ಹೆಸರೇ ತೆರೆಯ ಮೇಲೆ ಬರುತ್ತದೆ. ಜೆರಾಕ್ಸ್ ಪ್ರತಿಯ ಮೇಲೆ ಪೆನ್ನಿನಿಂದ ತಿದ್ದಿ ಪ್ರಯೋಜನವಿಲ್ಲ.

ಅಡ್ಡದಾರಿಯ ಬಗ್ಗೆ ಒಂದು ಮಾತು. “ಈ ಎರಡೂ ಹೆಸರು ನನ್ನವೇ” ಎಂದು ಬಾಂಡ್ ಪೇಪರಿನ ಮೇಲೆ ನೋಟರಿ ಅಫಿಡವಿಟ್ ಮಾಡಿಸಿದರೆ ಸಾಕು ಎಂದು ಎಷ್ಟೋ ಜನ ಹೇಳುತ್ತಾರೆ. ಕಾಗದವನ್ನು ಮನುಷ್ಯ ಓದುವ ಕಡೆ ಅದು ನಡೆಯುತ್ತದೆ. ಯಂತ್ರ ಎರಡು ಹೆಸರುಗಳನ್ನು ಹೋಲಿಸುವ ಕಡೆ ಅದನ್ನು ನೋಡುವವರೇ ಇಲ್ಲ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಅದಕ್ಕೆ ಹಣ ಹಾಕಿ.

ಹಂತ 4: ಬ್ಯಾಂಕ್ ಖಾತೆ

‘ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನವರು ಹೇಳಿದರೆ ಅಷ್ಟಕ್ಕೇ ಎದ್ದು ಬರಬೇಡಿ. “ಸರ್ಕಾರದ ಹಣ ನೇರವಾಗಿ ಈ ಖಾತೆಗೇ ಬರುತ್ತದೆಯೇ? ಎನ್‌ಪಿಸಿಐ ಮ್ಯಾಪಿಂಗ್ ಇದಕ್ಕೇ ಆಗಿದೆಯೇ?” ಎಂದು ಕೇಳಿ. ಎನ್‌ಪಿಸಿಐ ಎಂದರೆ ಬ್ಯಾಂಕುಗಳ ನಡುವೆ ಹಣ ಸಾಗಿಸುವ ರಾಷ್ಟ್ರೀಯ ಪಾವತಿ ಸಂಸ್ಥೆ, ನಿಮ್ಮ ಆಧಾರ್‌ಗೆ ಯಾವ ಖಾತೆ ಎಂದು ಅಲ್ಲಿ ಗುರುತಾಗಿರುವುದೇ ಮ್ಯಾಪಿಂಗ್. ನಿಮ್ಮ ಆಧಾರ್ ಮೂರು ಖಾತೆಗಳಿಗೆ ಜೋಡಣೆ ಆಗಿದ್ದರೂ ಸರ್ಕಾರದ ನೇರ ನಗದು ಬರುವುದು ಒಂದೇ ಖಾತೆಗೆ. ಸಿಮ್ ಕಾರ್ಡ್ ಕೊಳ್ಳುವಾಗ ಹೆಬ್ಬೆಟ್ಟು ಒತ್ತಿಸಿಕೊಂಡು ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಆ ಜೋಡಣೆ ಹೋಗಿಬಿಟ್ಟಿದ್ದನ್ನು ನಾನು ಕಂಡಿದ್ದೇನೆ. ಅಂಥ ಖಾತೆಯಲ್ಲಿ 2 ಲಕ್ಷ ರೂಪಾಯಿಗಿಂತ ಹೆಚ್ಚು ಇಡುವ ಹಾಗೂ ಇಲ್ಲ. ಮನೆಯ ಅರ್ಜಿಗೆ ಅದು ಬೇಡವೇ ಬೇಡ. ಅಂಚೆ ಕಚೇರಿಯೋ ಹತ್ತಿರದ ಬ್ಯಾಂಕೋ, ಪಾಸ್‌ಬುಕ್ಕಿನಲ್ಲಿ ಮುದ್ರೆ ಒತ್ತಿ ಕೊಡುವ ಖಾತೆ ಇರಲಿ. ಎರಡು ವರ್ಷ ವ್ಯವಹಾರ ಮಾಡದ ಖಾತೆ ನಿಷ್ಕ್ರಿಯವಾಗುತ್ತದೆ. ಆರು ತಿಂಗಳಿಗೊಮ್ಮೆ ನೂರು ರೂಪಾಯಿಯನ್ನಾದರೂ ಹಾಕಿ ತೆಗೆಯಿರಿ.

ಹಂತ 5: ಅರ್ಜಿ ಕೊಡುವುದು

ಇದು ಸುಲಭ. ಆವಾಸ್ 2.0ಕ್ಕೆ ಆನ್‌ಲೈನಿನಲ್ಲಿಯೇ ಆಗುತ್ತದೆ, ಆಧಾರ್‌ಗೆ ಜೋಡಿಸಿದ ಮೊಬೈಲ್ ಪಕ್ಕದಲ್ಲಿರಲಿ, ಒಟಿಪಿ ಅದಕ್ಕೇ ಬರುತ್ತದೆ. ಜೆರಾಕ್ಸ್ ಅಂಗಡಿಗಳಲ್ಲಿ ಮಾರುವ ಬಣ್ಣದ ‘ಅರ್ಜಿ ನಮೂನೆ’ ಕೊಳ್ಳಬೇಡಿ.

ಕಾಗದದ ಅರ್ಜಿಯಾದರೆ ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ವರ್ಷಗಳ ಹಿಂದೆ ಒಂದು ಕಚೇರಿಯಲ್ಲಿ “ಇಟ್ಟು ಹೋಗಿ, ನೋಡುತ್ತೇವೆ” ಎಂದ ಮಾತನ್ನು ನಂಬಿ ನಾನೇ ಹನ್ನೊಂದು ಜನರ ಅರ್ಜಿಗಳನ್ನು ಮೇಜಿನ ಮೇಲಿಟ್ಟು ಬಂದೆ. ಮುಂದಿನ ವರ್ಷ ಕೇಳಲು ಹೋದಾಗ ಹನ್ನೊಂದರಲ್ಲಿ ಒಂದೂ ಅಲ್ಲಿರಲಿಲ್ಲ. ಕೊಟ್ಟಿದ್ದಕ್ಕೆ ನಮ್ಮ ಬಳಿ ಪುರಾವೆಯೂ ಇರಲಿಲ್ಲ. ಆ ಹನ್ನೊಂದು ಮನೆಗಳವರಿಗೆ ವಿಷಯ ತಿಳಿಸಲು ಓಣಿ ಓಣಿ ತಿರುಗಿದ ದಿನ ನನಗೆ ಇಂದಿಗೂ ನೆನಪಿದೆ.

ಹಂತ 6: ಕಾಯುವ ವರ್ಷಗಳು

ಅರ್ಜಿ ಕೊಟ್ಟವರು ಕಾಯುತ್ತಾರೆ, ಆದರೆ ಬಾಡಿಗೆಯವರು ಕಾಯುತ್ತಲೇ ಮನೆ ಬದಲಿಸುತ್ತಾರೆ. ಪರಿಶೀಲನೆಗೆ ಬಂದವರಿಗೆ ಹಳೆಯ ವಿಳಾಸದಲ್ಲಿ ಬೀಗ ಕಂಡರೆ ‘ವಾಸವಿಲ್ಲ’ ಎಂದು ಬರೆದು ಹೋಗುತ್ತಾರೆ. ಮನೆ ಬಿಟ್ಟ ವಾರದೊಳಗೆ ಅರ್ಜಿ ಸಂಖ್ಯೆ, ಹಳೆಯ ವಿಳಾಸ, ಹೊಸ ವಿಳಾಸ ಬರೆದು ಒಂದು ಪತ್ರ ಕೊಡಿ, ಅದಕ್ಕೂ ಮೊಹರು ಹಾಕಿಸಿಕೊಳ್ಳಿ. ಮೊಬೈಲ್ ಸಂಖ್ಯೆಯನ್ನಂತೂ ಬದಲಿಸಲೇಬೇಡಿ. 90 ದಿನ ಬಳಸದ ಸಿಮ್ ರದ್ದಾಗಿ, ಆ ಸಂಖ್ಯೆ ಬೇರೆಯವರ ಪಾಲಾಗಬಹುದು.

ಊರಿನಲ್ಲಿ ಅರ್ಜಿ ಹಾಕಿದವರು ಗ್ರಾಮಸಭೆಯ ದಿನ ಒಂದು ದಿನದ ಪಗಾರ ಹೋದರೂ ಸರಿ, ಹೋಗಿ ಕುಳಿತುಕೊಳ್ಳಿ. ಫಲಾನುಭವಿಗಳ ಆಯ್ಕೆ ಆಗಬೇಕಾದದ್ದು ಅಲ್ಲಿಯೇ. ಯಾದಿಯನ್ನು ಗಟ್ಟಿಯಾಗಿ ಓದಿಸಿ ಎಂದು ಕೇಳಿ, ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಬನ್ನಿ. ನಗರದಲ್ಲಿ ವಸತಿ ನಿಗಮದ ಯೋಜನೆಗಳಿಗೆ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ ಆಯ್ಕೆ ಮಾಡುತ್ತದೆ. ಸಮಿತಿಯ ಸಭೆ ಯಾವಾಗ ಎಂದು ವಲಯ ಕಚೇರಿಯಲ್ಲಿ ವಿಚಾರಿಸುತ್ತಿರಿ.

ಆರು ತಿಂಗಳು ಕಳೆದರೂ ಸುದ್ದಿ ಇಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ಹೊಟ್ಟೆಯ ಸಂಕಟವನ್ನೆಲ್ಲ ಅದರಲ್ಲಿ ತೋಡಿಕೊಳ್ಳಬೇಡಿ. ಮೂರೇ ಸಾಲು ಸಾಕು: “ದಿನಾಂಕ ಇಷ್ಟರಂದು ಸ್ವೀಕೃತಿ ಸಂಖ್ಯೆ ಇಷ್ಟರಲ್ಲಿ ನಾನು ಸಲ್ಲಿಸಿದ ಅರ್ಜಿಯ ಇಂದಿನ ಸ್ಥಿತಿ ತಿಳಿಸಿ. ಅರ್ಜಿ ತಿರಸ್ಕೃತವಾಗಿದ್ದರೆ ಕಾರಣ ಬರೆದ ಹಾಳೆಯ ಪ್ರತಿ ಕೊಡಿ. ನನ್ನ ವಾರ್ಡಿನ ಆಯ್ಕೆ ಪಟ್ಟಿಯ ಪ್ರತಿ ಕೊಡಿ.” 30 ದಿನಗಳಲ್ಲಿ ಉತ್ತರ ಬರಬೇಕು. ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ.

ಈ ನಡುವೆ ಯಾರಾದರೂ ಬಂದು “ಇಷ್ಟು ಕೊಟ್ಟರೆ ಯಾದಿಯಲ್ಲಿ ಮೇಲೆ ತರುತ್ತೇನೆ” ಎಂದರೆ ಬಾಗಿಲು ಹಾಕಿಕೊಳ್ಳಿ. ಗುಂಪು ಮನೆಯ ವಂತಿಗೆಯನ್ನು ಬ್ಯಾಂಕಿನ ಮೂಲಕವೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಕೈಗೆ ನಗದು ಕೇಳುವವರು ಇಲಾಖೆಯ ಗುರುತಿನ ಚೀಟಿ ತೋರಿಸಿದರೂ ಕೊಡಬೇಡಿ.

ಹಂತ 7: ಆದೇಶ ಕೈಗೆ ಬಂದ ದಿನ

ಹೂ ಮಾರುವ ಆ ಹೆಣ್ಣುಮಗಳ ಐದೂ ಕಾಗದ ಒಂದೇ ಹೆಸರಿಗೆ ಬರಲು ಏಳು ತಿಂಗಳು ಹಿಡಿಯಿತು. ನಾಲ್ಕನೆಯ ಅರ್ಜಿ ಈಗ ಪರಿಶೀಲನೆ ದಾಟಿದೆ. ಅವರಿಗೆ ಹೇಳಿಟ್ಟಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಆದೇಶ ಪತ್ರ ಕೊಟ್ಟಾಗ ಹಣೆಗೆ ಒತ್ತಿಕೊಂಡು ಹೊರಗೆ ಓಡಿ ಬರಬೇಡಿ. ಆಧಾರನ್ನು ಪಕ್ಕದಲ್ಲಿಟ್ಟುಕೊಂಡು, ಆದೇಶದಲ್ಲಿನ ಹೆಸರನ್ನು ಬೆರಳಿಟ್ಟು ಒಂದೊಂದೇ ಅಕ್ಷರ ಓದಿ. ಓದು ಬರದಿದ್ದರೆ ಶಾಲೆಗೆ ಹೋಗುವ ಮಗುವನ್ನು ಜೊತೆಗೆ ಕರೆದೊಯ್ಯಿರಿ. ಒಂದು ಒತ್ತಕ್ಷರ ತಪ್ಪಿದ್ದರೂ, “ಸಾಹೇಬರೇ, ಇದನ್ನು ಈಗಲೇ ಸರಿ ಮಾಡಿಕೊಡಿ” ಎಂದು ಕೇಳಿ. ಆಗುವ ತನಕ ಆ ಮೇಜಿನ ಮುಂದಿನಿಂದ ಏಳಬೇಡಿ.