ಹಿಂದಿನ ಕಾಲದ ಪಾಠವನ್ನು ಇಂದಿನ ಮಕ್ಕಳಿಗೆ ನಡೆಸುವ ಬಗೆ

ಹಳೆಯ ಕಾಲದ ತರಗತಿಯ ಅನುಭವ ಕೊಡಬೇಕೆಂದಾಗ ಹೆಚ್ಚಿನ ಶಿಕ್ಷಕರು ಮೊದಲು ಉಡುಪಿನ ಬಗ್ಗೆ ಯೋಚಿಸುತ್ತಾರೆ. ಉಡುಪು ಇಲ್ಲದಿದ್ದರೂ ನಡೆಯುತ್ತದೆ. ಆಗಿನ ಕಲಿಕೆಯ ಕ್ರಮವನ್ನು ಒಂದೆರಡು ತಾಸು ಬಿಡದೆ ಪಾಲಿಸುವುದೇ ಮುಖ್ಯ.

ಇದಕ್ಕೆ ಮರಳಿನ ಪಾಠ ಒಳ್ಳೆಯ ಆರಂಭ. ಮದರಾಸಿನ ಅನಾಥಾಲಯದ ಮೇಲ್ವಿಚಾರಕರಾಗಿದ್ದ ಆಂಡ್ರ್ಯೂ ಬೆಲ್, ದೇಶೀ ಶಾಲೆಯೊಂದರ ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಅಕ್ಷರ ತಿದ್ದುವುದನ್ನು ಕಂಡು ಅದನ್ನು ತಮ್ಮಲ್ಲಿ ಜಾರಿಗೆ ತಂದರು. ಬಲ್ಲ ಮಕ್ಕಳೇ ಉಳಿದವರಿಗೆ ಕಲಿಸುವ ಪದ್ಧತಿಯನ್ನೂ ರೂಪಿಸಿ, 1797ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಮರುವರ್ಷ ಲಂಡನ್ನಿನಲ್ಲಿ ಶಾಲೆ ತೆರೆದ ಜೋಸೆಫ್ ಲ್ಯಾಂಕಾಸ್ಟರ್ ಕೂಡ ಇವೆರಡನ್ನೂ ಬಳಸಿದರು.

ತಳ ಕಪ್ಪಗಿರುವ, ಅಂಚುಳ್ಳ ತಟ್ಟೆಯಲ್ಲಿ ಜರಡಿ ಹಿಡಿದ ಒಣ ಮರಳನ್ನು ತೆಳುವಾಗಿ ಹರಡಿ. ಪದರ ದಪ್ಪವಾದರೆ ಬೆರಳು ಹೂತುಹೋಗುತ್ತದೆಯೇ ಹೊರತು ಅಕ್ಷರ ಮೂಡುವುದಿಲ್ಲ. ತೆಳುವಾಗಿದ್ದರೆ ಬೆರಳು ಸರಿದಲ್ಲೆಲ್ಲ ಕಪ್ಪು ತಳ ಕಾಣಿಸಿ ಗೆರೆ ಸ್ಪಷ್ಟವಾಗುತ್ತದೆ. ಮಾನಿಟರ್, ಅಂದರೆ ಉಳಿದವರಿಗೆ ಕಲಿಸುವ ಮಗು, ಅಕ್ಷರವನ್ನು ಹೇಳಬೇಕು, ಉಳಿದವರು ಬರೆಯಬೇಕು, ಅವನು ಅಥವಾ ಅವಳು ನೋಡಿದ ಕೂಡಲೇ ಅಡಿಪಟ್ಟಿಯಿಂದ ಮರಳನ್ನು ಸಮಮಾಡಿ ಮುಂದಿನ ಅಕ್ಷರಕ್ಕೆ ಹೋಗಬೇಕು. ಸರಿ ಬರೆದದ್ದೂ ತಪ್ಪು ಬರೆದದ್ದೂ ಅಲ್ಲೇ ಅಳಿಸಿಹೋಗುವುದರಿಂದ, ಕಲಿತದ್ದನ್ನು ನೆನಪಿನಲ್ಲಿ ಹಿಡಿದಿಡುವ ಹೊಣೆ ಮಗುವಿನದೇ ಆಗುತ್ತದೆ. ಬಾಯಿಪಾಠಕ್ಕೆ ಆಗ ಅಷ್ಟೊಂದು ಮಹತ್ವವೇಕಿತ್ತೆಂದು ಬೇರೆಯಾಗಿ ವಿವರಿಸಬೇಕಾಗುವುದಿಲ್ಲ. ಕಾಲು ಗಂಟೆಗೊಮ್ಮೆ ಮಾನಿಟರನ್ನು ಬದಲಿಸಿ, ಏಕೆಂದರೆ ಕಲಿಸಲು ಕುಳಿತಾಗಲೇ ತನಗೆಷ್ಟು ಗೊತ್ತಿದೆಯೆಂಬುದು ಮಗುವಿಗೆ ತಿಳಿಯುತ್ತದೆ.

ಓದಿಗೆ ಪುಸ್ತಕಗಳನ್ನು ಹಂಚಬೇಡಿ. ಪುಸ್ತಕ ದುಬಾರಿಯಾಗಿದ್ದುದರಿಂದ ಲ್ಯಾಂಕಾಸ್ಟರರ ಶಾಲೆಯಲ್ಲಿ ಪಾಠದ ಹಾಳೆಯನ್ನು ಗೋಡೆಗೆ ತೂಗುಹಾಕಿ, ಮಕ್ಕಳನ್ನು ಅದರ ಸುತ್ತ ಅರ್ಧವೃತ್ತದಲ್ಲಿ ನಿಲ್ಲಿಸಿ ಓದಿಸುತ್ತಿದ್ದರು. ದೊಡ್ಡ ಅಕ್ಷರದ ಒಂದು ಹಾಳೆ ನಿಮಗೂ ಸಾಕು. ಲೆಕ್ಕಕ್ಕೆ ಸ್ಲೇಟು, ಬಳಪ, ಒದ್ದೆ ಬಟ್ಟೆ ಇರಲಿ. ಸಮಸ್ಯೆಯನ್ನು ಬಾಯಲ್ಲೇ ಹೇಳಿ, "ತೋರಿಸಿ" ಎಂದಾಗ ಎಲ್ಲರೂ ಒಮ್ಮೆಗೇ ಸ್ಲೇಟು ಎತ್ತಿ ಹಿಡಿಯಲಿ.

ಬೆತ್ತವನ್ನು ಮಾತ್ರ, ನಟನೆಗೂ ತರಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಶಿಕ್ಷೆಯ ವಿಷಯವನ್ನೂ, ಶಾಲೆಯ ಬಾಗಿಲು ಯಾರ ಪಾಲಿಗೆ ಮುಚ್ಚಿತ್ತೆಂಬುದನ್ನೂ ಪಾಠ ಮುಗಿದ ಮೇಲೆ ಮರೆಮಾಚದೆ ಮಾತನಾಡಿ. ಅದಾದ ಬಳಿಕ ಕಾಗದ ಕೊಟ್ಟು, ಅಂದು ಮರಳಿನಲ್ಲಿ ಬರೆದುದನ್ನೆಲ್ಲ ನೆನಪಿನಿಂದಲೇ ಬರೆಯಲು ಹೇಳಿ.