ಹಾಡಿನಲ್ಲಿ ಬದುಕಿನ ಜಾಡು ಹಿಡಿಯುವ ಬಗೆ

ಗೀತರಚನೆಕಾರರ ಬದುಕು ಅವರ ಹಾಡುಗಳಲ್ಲಿ ಎಲ್ಲಿ, ಹೇಗೆ ಇಳಿದಿದೆ ಎಂದು ತಿಳಿಯಬೇಕಿದ್ದರೆ ಮೊದಲು ಹಾಡು ಕೇಳಿ, ಜೀವನಚರಿತ್ರೆ ಆಮೇಲೆ ಓದಿ. ಮೊದಲೇ ಓದಿ ಕೂತರೆ ಪ್ರತಿ ಸಾಲಿನಲ್ಲೂ ಓದಿದ್ದೇ ಕಾಣುತ್ತದೆ.

ಬೇರೆ ಬೇರೆ ಕಾಲದ 15–20 ಹಾಡು ಆರಿಸಿಕೊಂಡು ಸಾಹಿತ್ಯವನ್ನು ಕೈಯಾರೆ ಬರೆದುಕೊಳ್ಳಿ. ಮತ್ತೆ ಮತ್ತೆ ಬರುವ ಪದಗಳ ಕೆಳಗೆ ಗೆರೆ ಎಳೆಯಿರಿ. ಪ್ರೀತಿ, ನೋವು, ಕಣ್ಣೀರು ಎಲ್ಲರ ಹಾಡಿನಲ್ಲೂ ಇರುತ್ತವೆ, ಅವನ್ನು ಬಿಡಿ. ಬೀಗ ಬಿದ್ದ ಬಾಗಿಲೋ ರಾತ್ರಿ ರೈಲೋ ಮೂರ್ನಾಲ್ಕು ಹಾಡಿನಲ್ಲಿ ತಲೆಹಾಕಿದರೆ ಅಲ್ಲೇ ನಿಂತು ನೋಡಿ. ‘ನಾನು’ ಯಾರು, ‘ನೀನು’ ಯಾರು ಎಂಬುದನ್ನೂ ಪಕ್ಕದಲ್ಲಿ ಗುರುತಿಸಿಕೊಳ್ಳಿ.

ಆಮೇಲೆ ಪ್ರತಿ ಹಾಡಿಗೂ ಬರೆದ ವರ್ಷ, ಬಿಡುಗಡೆಯಾದ ವರ್ಷ, ಸಾಹಿತ್ಯ ಯಾರದು, ಟ್ಯೂನ್ ಮೊದಲೋ ಸಾಹಿತ್ಯ ಮೊದಲೋ ಎಂದು ಟಿಪ್ಪಣಿ ಮಾಡಿ. ಬರೆದು ಎಷ್ಟೋ ವರ್ಷದ ಮೇಲೆ ಹೊರಬಂದ ಹಾಡನ್ನು ಬಿಡುಗಡೆಯ ವರ್ಷದ ಘಟನೆಗೆ ಗಂಟುಹಾಕಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಟ್ಯೂನಿಗೆ ಬರೆದ ಹಾಡಿನಲ್ಲಿ ಒಂದು ಪದ ಬರೀ ಮಾತ್ರೆಗೋ ಪ್ರಾಸಕ್ಕೋ ಬಂದಿರಬಹುದು. ಸಿನಿಮಾ ಹಾಡಾದರೆ ‘ನಾನು’ ಅಂದರೆ ಪಾತ್ರ.

ಈಗ ಬದುಕಿನ ಕಡೆಗೆ ಬನ್ನಿ. ಸಾವು, ವಲಸೆ, ಕಾಯಿಲೆ, ಕಸುಬು, ಮನೆ ಬದಲಿಸಿದ್ದು ಎಲ್ಲವನ್ನೂ ವರ್ಷವಾರು ಬರೆದು ಹಾಡುಗಳ ಪಟ್ಟಿಯ ಪಕ್ಕ ಇಡಿ. ಘಟನೆಯ ಮರುವರ್ಷವೇ ಹಾಡು ಹುಡುಕುವುದು ಹೆಚ್ಚಿನವರು ಎಡವುವ ಜಾಗ. ಬೀಟಲ್ಸ್ ತಂಡದ ಗಾಯಕ, ಗೀತರಚನೆಕಾರ ಜಾನ್ ಲೆನನ್ ತಾಯಿ ಜೂಲಿಯಾ ಕಾರು ಡಿಕ್ಕಿಯಾಗಿ ತೀರಿಕೊಂಡದ್ದು 1958ರಲ್ಲಿ, ಆಗ ಲೆನನ್‌ಗೆ 17 ವರ್ಷ. ತಾಯಿಯ ಹೆಸರಿನದೇ ಹಾಡು ಬಂದದ್ದು 1968ರಲ್ಲಿ: ಒಂದೇ ಗಿಟಾರು, ಮೆಲುದನಿ. 1970ರ ‘ಮದರ್’ ಗಂಟೆಯ ಸದ್ದಿನಿಂದ ಶುರುವಾಗಿ ಚೀರಾಟದಲ್ಲಿ ಮುಗಿಯುತ್ತದೆ, ಅಲ್ಲಿ ಬಿಟ್ಟುಹೋದ ತಂದೆಯೂ ಬರುತ್ತಾರೆ. ಸಾವು ಅದೇ, ದನಿ ಮಾತ್ರ ಬೇರೆ. ನಡುವೆ, 1970ರಲ್ಲೇ, ಬಾಲ್ಯದ ನೋವನ್ನು ಕೂಗಿ ಹೊರಹಾಕಿಸುವ ಮನೋಚಿಕಿತ್ಸೆಗೆ ಲೆನನ್ ಹೋಗಿದ್ದರು. ಹಾಗಾಗಿ ‘ಏನಾಯಿತು’ ಎಂದಷ್ಟೇ ಕೇಳಿದರೆ ಸಾಲದು. ಬರೆಯುವ ಹೊತ್ತಿಗೆ ಅವರು ಯಾವ ಸ್ಥಿತಿಯಲ್ಲಿದ್ದರು ಎಂದೂ ಕೇಳಬೇಕು. ನಮ್ಮ ಮಟ್ಟಿಗೆ ಈ ಎರಡನೇ ಪ್ರಶ್ನೆಯೇ ಹೆಚ್ಚು ಫಲ ಕೊಡುವುದು.

ಹಾಡಿನಿಂದಲೇ ಬದುಕನ್ನು ಊಹಿಸಿ, ಆ ಊಹೆಯಿಂದ ಅದೇ ಹಾಡಿಗೆ ಅರ್ಥ ಹೇಳಬೇಡಿ. ಪತ್ರ, ಡೈರಿ, ಸಂದರ್ಶನದಂಥ ಹೊರಗಿನ ಆಧಾರ ಒಂದಾದರೂ ಬೇಕು. ಸಂದರ್ಶನಗಳಲ್ಲೂ ಹಾಡು ಬರೆದ ಕಾಲಕ್ಕೆ ಹತ್ತಿರದ್ದನ್ನೇ ನೆಚ್ಚಿ. ವರ್ಷ ಕಳೆದಂತೆ ನೆನಪು ಕಥೆಯಾಗುತ್ತದೆ. ಇಬ್ಬರು ಸೇರಿ ಬರೆದಿದ್ದರೆ ಯಾವ ಸಾಲು ಯಾರದು ಎಂದು ಗೊತ್ತಾಗುವವರೆಗೂ ಆ ಹಾಡನ್ನು ಪಕ್ಕಕ್ಕಿಡಿ.

ಕೊನೆಗೆ, ನೀವು ಕಂಡುಕೊಂಡ ಸೂತ್ರಕ್ಕೆ ಒಗ್ಗದ ಎರಡು ಹಾಡು ಬೇಕೆಂದೇ ಹುಡುಕಿ. ಸಿಕ್ಕರೆ ಅವನ್ನೂ ಬರಹದಲ್ಲಿ ಸೇರಿಸಿ, ಸೂತ್ರವನ್ನು ಅಷ್ಟರಮಟ್ಟಿಗೆ ಸಡಿಲಿಸಿ.